ಮಾತಿಲ್ಲದವರ ನೆನಪನ್ನು ಕೇಳಿದ ಇವಾನ್ ಪಾವ್ಲೊವ್

ಶಿಕ್ಷಕರ ತರಬೇತಿ ಪಡೆದವರಿಗೆಲ್ಲ ಪಾವ್ಲೊವ್ ಎಂಬ ಹೆಸರು ಪರಿಚಿತವಾದುದು. ಒಂದು ನಾಯಿ, ಒಂದು ಗಂಟೆ, ನಾಲ್ಕು ಹನಿ ಜೊಲ್ಲು. ಇಷ್ಟನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮುಂದಿನ ಪಾಠಕ್ಕೆ ಹೋಗುವುದು ರೂಢಿ. ಆ ನಾಯಿಯ ಹಿಂದೆ ನಿಂತಿದ್ದ ಮನುಷ್ಯ ಎಂತಹವರು, ಅವರು ನಾಯಿಯಿಂದ ಏನನ್ನು ತಿಳಿಯಬಯಸಿದ್ದರು, ಅದರಿಂದ ಮನುಷ್ಯರ ಮರೆವಿನ ಕಾಯಿಲೆಗೆ ಏನು ಪ್ರಯೋಜನವಾಯಿತು ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಮನೆಯಲ್ಲಿ ಮರೆವು ಹಿಡಿದ ಅಜ್ಜನೋ ಅಜ್ಜಿಯೋ ಇರುವವರು ಈ ಬದುಕನ್ನು ಸ್ವಲ್ಪ ಸಾವಧಾನವಾಗಿ ನೋಡುವುದು ಒಳ್ಳೆಯದು.

ಪಾದ್ರಿಯ ಮಗ

ಇವಾನ್ ಪೆಟ್ರೋವಿಚ್ ಪಾವ್ಲೊವ್ ಹುಟ್ಟಿದ್ದು 1849ರ ಸೆಪ್ಟೆಂಬರ್ 26ರಂದು, ರಷ್ಯದ ರಿಯಾಜಾನ್ ಎಂಬ ಹಳೆಯ ಪಟ್ಟಣದಲ್ಲಿ. ತಂದೆ ಅಲ್ಲಿಯ ಇಗರ್ಜಿಯೊಂದರ ಪಾದ್ರಿ. ರಷ್ಯದ ಸಂಪ್ರದಾಯದಲ್ಲಿ ಇಗರ್ಜಿಯ ಪಾದ್ರಿಗಳಿಗೆ ಸಂಸಾರವಿರುತ್ತದೆ. ಆದಾಯ ಸ್ವಲ್ಪ, ಮಕ್ಕಳು ಬಹಳ. ಇವಾನ್ ಅವರಲ್ಲಿ ಹಿರಿಯವರು. ಎಳೆತನದಲ್ಲಿ ಎತ್ತರದಿಂದ ಬಿದ್ದು ಬಲವಾದ ಪೆಟ್ಟು ತಗಲಿದ ಕಾರಣ ಅವರು ಶಾಲೆಯ ಮೆಟ್ಟಿಲು ಹತ್ತುವಾಗ ಹನ್ನೊಂದು ವರ್ಷವಾಗಿತ್ತು. ಮನೆಯವರ ಎಣಿಕೆಯಂತೆ ಅವರೂ ಪಾದ್ರಿಯಾಗಬೇಕಿತ್ತು; ಅದಕ್ಕಾಗಿ ಧರ್ಮಶಿಕ್ಷಣದ ಶಾಲೆಗೆ ಸೇರಿದರು.

ಆ ದಿನಗಳಲ್ಲಿ ರಷ್ಯದ ತರುಣರ ಕೈಯಲ್ಲಿ ಓಡಾಡುತ್ತಿದ್ದ ಕೃತಿಗಳಲ್ಲಿ ಸೆಚೆನೊವ್ ಎಂಬ ವಿಜ್ಞಾನಿ 1863ರಲ್ಲಿ ಮಿದುಳಿನ ಪ್ರತಿಕ್ರಿಯೆಗಳ ಬಗ್ಗೆ ಪ್ರಕಟಿಸಿದ ಬರಹವೂ ಒಂದು. ಮನಸ್ಸಿನ ವ್ಯಾಪಾರಗಳನ್ನೂ ಶರೀರದ ವ್ಯಾಪಾರಗಳಂತೆ ಪರೀಕ್ಷಿಸಬಹುದು ಎಂಬ ಅದರ ವಿಚಾರ ಪಾವ್ಲೊವರ ತಲೆಯಲ್ಲಿ ಕುಳಿತಿತು. 1870ರಲ್ಲಿ ಅವರು ಧರ್ಮಶಿಕ್ಷಣವನ್ನು ನಡುವೆಯೇ ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಸೇರಿದರು. 1875ರಲ್ಲಿ ಅಲ್ಲಿಯ ಓದು ಮುಗಿಸಿ, ಬಳಿಕ ವೈದ್ಯಕೀಯವನ್ನೂ ಕಲಿತು, 1883ರಲ್ಲಿ ಹೃದಯದ ನರಗಳ ಬಗೆಗಿನ ಪ್ರಬಂಧಕ್ಕೆ ಡಾಕ್ಟರ್ ಪದವಿ ಪಡೆದರು.

1881ರಲ್ಲಿ ಸೆರಾಫಿಮಾ ಎಂಬ ವಿದ್ಯಾವಂತೆಯೊಂದಿಗೆ ಮದುವೆಯಾಯಿತು. ಮುಂದಿನ ಕೆಲವು ವರ್ಷಗಳು ಕಡು ಬಡತನದವು. ಬಾಡಿಗೆಗೆ ಹಣವಿಲ್ಲದೆ ಗಂಡ ಹೆಂಡತಿ ಬೇರೆ ಬೇರೆ ಕಡೆ ಉಳಿದುಕೊಂಡದ್ದೂ ಉಂಟು. ಮೊದಲನೆಯ ಮಗು ಎಳವೆಯಲ್ಲೇ ತೀರಿಕೊಂಡಿತು. ಇವರ ಪಾಡು ನೋಡಲಾರದೆ ವಿದ್ಯಾರ್ಥಿಗಳು ಉಪನ್ಯಾಸದ ನೆಪದಲ್ಲಿ ಒಂದಿಷ್ಟು ಹಣ ಕೂಡಿಸಿ ಕೊಟ್ಟರೆ, ಪಾವ್ಲೊವ್ ಅದರಲ್ಲಿ ಪ್ರಯೋಗಕ್ಕೆ ನಾಯಿಗಳನ್ನು ಕೊಂಡರಂತೆ. ಆ ಹೆಣ್ಣುಮಗಳು ಹೇಗೆ ಸಂಸಾರ ತೂಗಿಸಿದರೋ, ಊಹಿಸಿಕೊಳ್ಳಬೇಕು.

ನಲುವತ್ತು ದಾಟಿದ ಮೇಲೆ ದಿನಗಳು ತಿರುಗಿದವು. 1890ರಲ್ಲಿ ಸೈನಿಕ ವೈದ್ಯಕೀಯ ಅಕಾಡೆಮಿಯಲ್ಲಿ ಪ್ರಾಧ್ಯಾಪಕ ಹುದ್ದೆ, 1891ರಲ್ಲಿ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯಲ್ಲಿ ಶರೀರಶಾಸ್ತ್ರ ವಿಭಾಗದ ಹೊಣೆ ದೊರೆಯಿತು. ನಾಯಿಗೆ ಶಸ್ತ್ರಕ್ರಿಯೆ ಮಾಡಿ, ಗಾಯ ಪೂರ್ಣ ಮಾಗಿದ ಮೇಲೆ, ಅದು ಆರೋಗ್ಯವಾಗಿ ಓಡಾಡಿಕೊಂಡಿರುವಾಗಲೇ ಅದರ ಜೀರ್ಣರಸಗಳನ್ನು ಹೊರಗಿನಿಂದ ಅಳೆಯುವ ವಿಧಾನವನ್ನು ಅವರು ಪಳಗಿಸಿಕೊಂಡರು. ಈ ಕೆಲಸಕ್ಕೆ 1904ರಲ್ಲಿ ನೊಬೆಲ್ ಬಹುಮಾನ ಬಂತು. ಆ ಬಹುಮಾನ ಪಡೆದ ಮೊದಲ ರಷ್ಯನ್ ಅವರೇ. ಅವರ ಹೆಸರಿಗೆ ಅಂಟಿಕೊಂಡ ಜೊಲ್ಲಿನ ಪ್ರಯೋಗಕ್ಕಾಗಿ ಬಹುಮಾನ ಬಂತೆಂದು ಹಲವರು ತಿಳಿದಿದ್ದಾರೆ. ಅದು ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ.

ಜೊಲ್ಲಿನ ಹನಿಗಳ ಲೆಕ್ಕ

ಜೀರ್ಣಕ್ರಿಯೆಯ ಕೆಲಸ ನಡೆದಿರುವಾಗಲೇ ಒಂದು ತೊಡಕು ಕಾಣಿಸಿಕೊಂಡಿತ್ತು. ಆಹಾರ ಬಾಯಿಗೆ ಬೀಳುವ ಮೊದಲೇ ನಾಯಿಗಳು ಜೊಲ್ಲು ಸುರಿಸುತ್ತಿದ್ದವು. ತಟ್ಟೆ ಕಂಡರೆ, ಊಟ ತರುವ ಆಳಿನ ಹೆಜ್ಜೆಯ ಸಪ್ಪಳ ಕೇಳಿದರೆ ಸಾಕು. ಬೇರೆಯವರಾದರೆ ಇದನ್ನು ಉಪದ್ರವವೆಂದು ಬದಿಗೆ ಸರಿಸುತ್ತಿದ್ದರು. ಪಾವ್ಲೊವ್ ತಮ್ಮ ಉಳಿದ ಆಯುಷ್ಯವನ್ನೆಲ್ಲ ಅದಕ್ಕೆ ಕೊಟ್ಟರು. ಆಗ ಅವರ ವಯಸ್ಸು ಐವತ್ತರ ಮೇಲೆ.

ನಾಯಿಗೆ ಊಟದ ನೆನಪಾಯಿತು, ಆಸೆಯಾಯಿತು, ಅದಕ್ಕೆ ಜೊಲ್ಲು ಬಂತು ಎನ್ನುವುದು ಸುಲಭ. ಆದರೆ ನಾಯಿ ತನಗೆ ನೆನಪಾಯಿತೆಂದು ಹೇಳಿಲ್ಲ. ಹಾಗೆಂದು ಊಹಿಸಿದವರು ನಾವು. ಆದ್ದರಿಂದ ನಾಯಿಯ ಮನಸ್ಸಿನೊಳಗೆ ಹೊಕ್ಕು ಬಂದವರಂತೆ ಮಾತನಾಡುವುದನ್ನು ಪಾವ್ಲೊವ್ ತಮ್ಮ ಪ್ರಯೋಗಶಾಲೆಯಲ್ಲಿ ನಿಷೇಧಿಸಿದರು. ಏನು ತೋರಿಸಿದೆವು, ಎಷ್ಟು ಹೊತ್ತಿನಲ್ಲಿ, ಎಷ್ಟು ಹನಿ ಬಂತು, ಇಷ್ಟನ್ನೇ ಬರೆಯಬೇಕು. ಪಠ್ಯಪುಸ್ತಕದ ಗಂಟೆ ಅಲ್ಲಿ ಬಳಕೆಯಾದದ್ದು ಅಪರೂಪ; ಹೆಚ್ಚಾಗಿ ಬಳಸಿದ್ದು ಸಂಗೀತ ಕಲಿಯುವವರು ತಾಳಕ್ಕೆ ಇಟ್ಟುಕೊಳ್ಳುವ, ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಯಂತ್ರವನ್ನು, ದೀಪದ ಬೆಳಕನ್ನು, ಚರ್ಮದ ಮೇಲಿನ ಸ್ಪರ್ಶವನ್ನು. ಹೊರಗಿನ ಸದ್ದು ತಾಗಬಾರದೆಂದು ದಪ್ಪ ಗೋಡೆಯ ಪ್ರತ್ಯೇಕ ಕಟ್ಟಡವನ್ನೇ ಕಟ್ಟಿಸಿದರು.

ಮೆಟ್ರೊನೋಮ್ ಹೊಡೆದ ಬಳಿಕ ಆಹಾರ ಕೊಡುವುದನ್ನು ಹಲವು ಸಲ ಮಾಡಿದರೆ, ಮುಂದೆ ಆ ಸದ್ದಿಗೇ ಜೊಲ್ಲು ಬರುತ್ತದೆ. ಇದೇ ಅನುಬಂಧಿತ ಪ್ರತಿಕ್ರಿಯೆ. ಸದ್ದು ಮಾಡಿ ಆಹಾರ ಕೊಡದೆ ಇದ್ದರೆ ಹನಿಗಳು ಕಡಿಮೆಯಾಗುತ್ತ ಬಂದು ನಿಂತು ಹೋಗುತ್ತವೆ. ಇಲ್ಲಿಗೆ ನಾಯಿ ಮರೆಯಿತು ಎಂದು ನಾವು ಹೇಳುತ್ತಿದ್ದೆವು. ಪಾವ್ಲೊವ್ ಕಂಡದ್ದು ಬೇರೆ. ಸ್ವಲ್ಪ ಕಾಲ ವಿಶ್ರಾಂತಿ ಕೊಟ್ಟು ಮತ್ತೆ ಸದ್ದು ಮಾಡಿದರೆ, ಯಾರೂ ಹೊಸದಾಗಿ ಕಲಿಸದೆ, ಹನಿಗಳು ಮರಳಿ ಬಂದವು. ಅಂದರೆ ಕಲಿತದ್ದು ಅಳಿದು ಹೋಗಿರಲಿಲ್ಲ, ಒಳಗೆ ತಡೆಹಿಡಿಯಲ್ಪಟ್ಟಿತ್ತು. ತೋರದೆ ಇರುವುದು ಬೇರೆ, ಇಲ್ಲದೆ ಇರುವುದು ಬೇರೆ. ಈ ಒಂದು ಭೇದವನ್ನು ಹನಿ ಎಣಿಸಿ ತೋರಿಸಿಕೊಟ್ಟದ್ದು ಸಣ್ಣ ಕೆಲಸವಲ್ಲ.

ಹಸಿವು ಮತ್ತು ನೆರೆ

1917ರ ಕ್ರಾಂತಿ, ಅದರ ಹಿಂದೆಯೇ ಬಂದ ಅಂತರ್ಯುದ್ಧಗಳಿಂದ ಎಲ್ಲವೂ ತಲೆಕೆಳಗಾಯಿತು. ನೊಬೆಲ್ ಬಹುಮಾನದ ಹಣ ಹೋಯಿತು. ಒಬ್ಬ ಮಗ ಟೈಫಸ್ ಜ್ವರದಿಂದ ತೀರಿಕೊಂಡ. ಇನ್ನೊಬ್ಬ ದೇಶ ಬಿಟ್ಟ. ಪ್ರಯೋಗಶಾಲೆಯಲ್ಲಿ ಸೌದೆಯಿಲ್ಲ, ದೀಪವಿಲ್ಲ. ನಾಯಿಗಳು ಹಸಿದು ಸತ್ತವು. ಎಪ್ಪತ್ತು ವರ್ಷದ ಮುದುಕರು ತಾವೇ ಗುದ್ದಲಿ ಹಿಡಿದು ಬಟಾಟೆ, ಕ್ಯಾರೆಟ್ ಬೆಳೆದು ಮನೆ ನಡೆಸಿದರು. ಹೊಸ ಸರಕಾರವನ್ನು ಅವರು ಬಹಿರಂಗವಾಗಿ ಟೀಕಿಸುತ್ತಿದ್ದರೂ, 1921ರ ಜನವರಿಯಲ್ಲಿ ಲೆನಿನ್ ಅವರು ಪಾವ್ಲೊವರ ಸಂಶೋಧನೆಗೆ ಬೇಕಾದ ಎಲ್ಲ ಸೌಕರ್ಯ ಒದಗಿಸುವ ಆಜ್ಞೆಗೆ ಸಹಿ ಹಾಕಿದರು. ಕೆಲಸ ಮತ್ತೆ ಸಾಗಿತು.

1924ರ ಸೆಪ್ಟೆಂಬರ್ 23ರಂದು ಲೆನಿನ್‌ಗ್ರಾಡ್ ನಗರಕ್ಕೆ ಭಾರಿ ನೆರೆ ಬಂತು. ಪಾವ್ಲೊವರ ನಾಯಿಗಳ ಗೂಡುಗಳಿಗೆ ನೀರು ನುಗ್ಗಿತು. ಕೆಲಸಗಾರರು ಗಾಳಿ ಮಳೆಯ ನಡುವೆ ನಾಯಿಗಳನ್ನು ಈಜಿಸಿಕೊಂಡು ದೊಡ್ಡ ಕಟ್ಟಡಕ್ಕೆ ತಂದು ಉಳಿಸಿದರು. ನೀರು ಇಳಿದ ಮೇಲೆ ಪ್ರಯೋಗಕ್ಕೆ ನಿಲ್ಲಿಸಿ ನೋಡಿದರೆ ಆಶ್ಚರ್ಯ. ಕೆಲವು ನಾಯಿಗಳಲ್ಲಿ ವರ್ಷಗಳಿಂದ ಗಟ್ಟಿಯಾಗಿದ್ದ ಕಲಿಕೆ ಕಾಣೆಯಾಗಿತ್ತು. ಸದ್ದಿಗೆ ಜೊಲ್ಲಿಲ್ಲ, ಮುಂದಿಟ್ಟ ಆಹಾರವನ್ನೂ ಮುಟ್ಟಲಿಲ್ಲ.

ಅಂತಹ ಒಂದು ನಾಯಿಯ ಚಿಕಿತ್ಸೆಗೆ ಔಷಧಕ್ಕಿಂತ ಮೊದಲು ಒದಗಿದ್ದು ಬಹಳ ಸರಳವಾದ ಉಪಾಯ. ಪ್ರಯೋಗ ಮಾಡುವವರು ಸಾಮಾನ್ಯವಾಗಿ ಹೊರಗಿನ ಕೋಣೆಯಲ್ಲಿದ್ದು ನಾಯಿಯನ್ನು ಒಂಟಿಯಾಗಿ ಬಿಡುತ್ತಿದ್ದರು. ಈಗ ಪರಿಚಯದ ಆ ಮನುಷ್ಯ ಒಳಗೇ, ನಾಯಿಯ ಬಳಿಯಲ್ಲೇ ಕುಳಿತರು. ಕಾಣೆಯಾಗಿದ್ದ ಪ್ರತಿಕ್ರಿಯೆಗಳು ಮರಳಿದವು. ಎದ್ದು ಹೊರಗೆ ಹೋದರೆ ಮತ್ತೆ ಇಲ್ಲವಾದವು. ಬಹಳ ದಿನಗಳ ಆರೈಕೆಯ ಬಳಿಕ ನಾಯಿ ಒಂಟಿಯಾಗಿಯೂ ಸರಿಹೋಯಿತು. ಆಗ ಬಾಗಿಲಿನ ಅಡಿಯಿಂದ ಸ್ವಲ್ಪ ನೀರು ಕೋಣೆಯೊಳಗೆ ಹರಿಯುವಂತೆ ಮಾಡಿದರು. ನಾಯಿ ಕಂಗೆಟ್ಟಿತು, ಕಲಿತದ್ದೆಲ್ಲ ಮತ್ತೆ ಮಾಯವಾಯಿತು.

ನೂರು ಸಲ ಮಾಡಿ ಕಲಿಸಿದ ಪಾಠ ಒಂದು, ಒಂದೇ ದಿನ ನಡೆದ ಘಟನೆಯ ಗುರುತು ಇನ್ನೊಂದು. ಎರಡೂ ಒಂದೇ ನಾಯಿಯಲ್ಲಿ ಎದುರು ಬದುರು ನಿಂತದ್ದನ್ನು ಪಾವ್ಲೊವ್ ಕಂಡರು. ನಾಯಿ ಆ ನೆರೆಯ ದಿನವನ್ನು ನಮ್ಮಂತೆ ಮನಸ್ಸಿನಲ್ಲಿ ಮರಳಿ ಕಂಡಿತು ಎಂದು ಇದರಿಂದ ಸಾಧಿಸಲಾಗದು. ಅದು ಬರಿಯ ಭಯವೂ ಇರಬಹುದು. ಆದರೆ ಒಮ್ಮೆ ಮಾತ್ರ ನಡೆದದ್ದು ಪ್ರಾಣಿಯಲ್ಲಿ ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆ ಅಲ್ಲಿ ಎದ್ದು ನಿಂತಿತು.

ನಾಯಿಯಿಂದ ರೋಗಿಯ ಕಡೆಗೆ

ಪಾವ್ಲೊವರ ಗಮನ ಮನುಷ್ಯರ ಕಡೆಗೆ ಅದಕ್ಕೂ ಮೊದಲೇ ತಿರುಗಿತ್ತು. 1918ರ ಬೇಸಗೆಯಲ್ಲಿ ಅವರು ಮಾನಸಿಕ ಆಸ್ಪತ್ರೆಯೊಂದಕ್ಕೆ ಹೋಗಿ ರೋಗಿಗಳನ್ನು ನೋಡತೊಡಗಿದರು. ಅಲ್ಲಿ ಅರುವತ್ತು ವರ್ಷದ ಒಬ್ಬ ರೋಗಿಯಿದ್ದ. ಇಪ್ಪತ್ತಕ್ಕೂ ಹೆಚ್ಚು ವರ್ಷ ಆತ ಹೆಣದಂತೆ ಮಲಗಿದ್ದ. ಕೈಕಾಲು ಅಲ್ಲಾಡಿಸಲಿಲ್ಲ, ಒಂದು ಮಾತು ಆಡಲಿಲ್ಲ, ಆಹಾರವನ್ನು ನಳಿಗೆಯ ಮೂಲಕ ಕೊಡಬೇಕಿತ್ತು. ಮುಪ್ಪು ಸಮೀಪಿಸಿದಂತೆ ಆತ ಮೆಲ್ಲಗೆ ಏಳತೊಡಗಿ, ಕೊನೆಗೆ ಮಾತನ್ನೂ ಆಡಿದ. ಅಷ್ಟು ವರ್ಷ ತನ್ನ ಸುತ್ತ ನಡೆದದ್ದೆಲ್ಲ ತನಗೆ ತಿಳಿಯುತ್ತಿತ್ತು, ಆದರೆ ಮೈಯ ಭಾರ ಎತ್ತಲಾಗದಷ್ಟಿತ್ತು ಎಂಬುದು ಆತ ಕೊಟ್ಟ ವಿವರ. ಅವನ ಹಾಸಿಗೆಯ ಬಳಿ ನಿಂತು ಇವನಿಗೇನು ಗೊತ್ತು ಎಂದು ಹೇಳಿಹೋದವರು ಎಷ್ಟು ಮಂದಿಯೋ!

ಎಂಬತ್ತರ ವಯಸ್ಸಿನಲ್ಲಿ ಪಾವ್ಲೊವ್ ಮನೋರೋಗದ ಚಿಕಿತ್ಸಾಲಯಗಳಿಗೆ ನಿಯಮವಾಗಿ ಹೋಗಿ, ವೈದ್ಯರೊಂದಿಗೆ ಕುಳಿತು ಒಬ್ಬೊಬ್ಬ ರೋಗಿಯ ಬಗೆಗೂ ಚರ್ಚಿಸುತ್ತಿದ್ದರು. ನಾಯಿಯಲ್ಲಿ ಕಂಡ ನಿಯಮಗಳಿಂದ ಮನುಷ್ಯನ ಕಾಯಿಲೆಗಳನ್ನೆಲ್ಲ ವಿವರಿಸಬಹುದೆಂಬ ಅವರ ನಂಬಿಕೆ ಪೂರ್ತಿ ನಿಜವಾಗಲಿಲ್ಲ. ಅವರ ಹಲವು ವಿವರಣೆಗಳನ್ನು ಇಂದು ಯಾರೂ ಒಪ್ಪುವುದಿಲ್ಲ. ಈ ಜ್ಞಾನಕ್ಕೆ ನಾಯಿಗಳು ತೆತ್ತ ಬೆಲೆಯನ್ನೂ ಮರೆಯಬಾರದು. ನೋವು, ಬಂಧನ, ಎಷ್ಟೋ ಸಲ ಸಾವು. 1935ರಲ್ಲಿ ಅವರ ಸಂಸ್ಥೆಯ ಅಂಗಳದಲ್ಲಿ ನಾಯಿಗೊಂದು ಸ್ಮಾರಕ ನಿಲ್ಲಿಸಲಾಯಿತು. ಅದೇ ವರ್ಷ ಲೋಕದ ಶರೀರಶಾಸ್ತ್ರಜ್ಞರೆಲ್ಲ ಅವರ ಅಧ್ಯಕ್ಷತೆಯಲ್ಲಿ ಲೆನಿನ್‌ಗ್ರಾಡಿನಲ್ಲಿ ಸೇರಿದ್ದರು. 1936ರ ಫೆಬ್ರವರಿ 27ರಂದು, ನ್ಯುಮೋನಿಯದಿಂದ, 86ನೆಯ ವಯಸ್ಸಿನಲ್ಲಿ ಪಾವ್ಲೊವ್ ತೀರಿಕೊಂಡರು. ಕೊನೆಯ ಕಾಯಿಲೆಯಲ್ಲಿ ತಮ್ಮ ಮಿದುಳು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ತಾವೇ ಗುರುತಿಸಿ, ನರರೋಗದ ವೈದ್ಯರೊಂದಿಗೆ ಅದನ್ನು ಚರ್ಚಿಸಿದ್ದರಂತೆ.

ಎರಡು ಬಗೆಯ ನೆನಪು

ಪಾವ್ಲೊವ್ ಹನಿ ಎಣಿಸುತ್ತಿದ್ದ ಕಾಲದಲ್ಲೇ ಜಿನೀವಾದ ವೈದ್ಯ ಕ್ಲಾಪಾರೆಡ್ ಒಂದು ಸಣ್ಣ ಪರೀಕ್ಷೆ ಮಾಡಿದ್ದರು. 1911ರಲ್ಲಿ ಅದನ್ನು ಪ್ರಕಟಿಸಿದರು. ಅವರ ಆಸ್ಪತ್ರೆಯ ಒಬ್ಬ ಮಹಿಳೆಗೆ ಕೆಲವು ನಿಮಿಷಗಳ ಹಿಂದೆ ನಡೆದದ್ದೂ ನೆನಪಿರುತ್ತಿರಲಿಲ್ಲ. ದಿನವೂ ನೋಡುವ ವೈದ್ಯರೂ ಆಕೆಗೆ ಹೊಸಬರೇ. ಒಂದು ದಿನ ವೈದ್ಯರು ಬೆರಳುಗಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿಕೊಂಡು ಆಕೆಯ ಕೈ ಕುಲುಕಿದರು. ಬಳಿಕ ಅವರು ಕೈ ಚಾಚಿದಾಗ ಆಕೆ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಏಕೆಂದು ಕೇಳಿದರೆ ಸೂಜಿ ಚುಚ್ಚಿದ್ದು ಆಕೆಗೆ ನೆನಪಿಲ್ಲ. ಘಟನೆ ಹೋಗಿತ್ತು, ಪಾಠ ಉಳಿದಿತ್ತು.

1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ತರುಣನಿಗೆ ಅಪಸ್ಮಾರ ನಿಲ್ಲಿಸಲು ಮಿದುಳಿನ ಶಸ್ತ್ರಕ್ರಿಯೆ ಮಾಡಿದರು. ಕಿವಿಯ ಮೇಲ್ಭಾಗದ ಒಳಗೆ, ಎರಡು ಪಕ್ಕದಲ್ಲೂ ಇರುವ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದರು. ಅಂದಿನಿಂದ 2008ರಲ್ಲಿ ಸಾಯುವವರೆಗೆ ದಿನನಿತ್ಯದ ಹೊಸ ಘಟನೆಗಳು ಆತನ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯುವ ಅಭ್ಯಾಸವನ್ನು ಬ್ರೆಂಡಾ ಮಿಲ್ನರ್ ಕೊಟ್ಟಾಗ, ಆತ ಮೂರು ದಿನಗಳಲ್ಲಿ ಚೆನ್ನಾಗಿ ಕಲಿತ. ಕಲಿತೆನೆಂಬುದು ಮಾತ್ರ ಆತನಿಗೆ ಗೊತ್ತಿರಲಿಲ್ಲ. 1972ರಲ್ಲಿ ಟುಲ್ವಿಂಗ್ ಎಂಬ ಮನೋವಿಜ್ಞಾನಿ, ಇಂಥ ದಿನ ಇಂಥ ಕಡೆ ಇಂಥದ್ದು ನಡೆಯಿತು ಎಂಬ ಬಗೆಯ ನೆನಪಿಗೆ ಪ್ರತ್ಯೇಕ ಹೆಸರು ಕೊಟ್ಟರು. ಅದನ್ನು ನಾವು ಘಟನಾ ಸ್ಮೃತಿ ಎನ್ನೋಣ.

ಇದು ಪ್ರಾಣಿಗಳಲ್ಲಿ ಉಂಟೆ? ಬಾಯಿಬಿಟ್ಟು ಹೇಳಲಾರದವರನ್ನು ಕೇಳುವುದು ಹೇಗೆ? ಪಾವ್ಲೊವರ ದಾರಿಯೇ ಇಲ್ಲಿಯೂ ಸಹಾಯಕ್ಕೆ ಬಂತು: ನಡೆಯನ್ನು ಅಳೆಯುವುದು. 1998ರಲ್ಲಿ ನಿಕೋಲಾ ಕ್ಲೇಟನ್ ಮತ್ತು ಆಂಟನಿ ಡಿಕಿನ್ಸನ್, ಕಾಗೆಯ ಕುಲಕ್ಕೆ ಸೇರಿದ ಸ್ಕ್ರಬ್ ಜೇ ಎಂಬ ಹಕ್ಕಿಗಳಿಗೆ ಹುಳು ಮತ್ತು ನೆಲಗಡಲೆ ಕೊಟ್ಟು ಮರಳಿನಲ್ಲಿ ಅಡಗಿಸಲು ಬಿಟ್ಟರು. ಹುಳುವೆಂದರೆ ಈ ಹಕ್ಕಿಗೆ ಪ್ರಾಣ. ಆದರೆ ಅದು ಬೇಗ ಕೊಳೆಯುತ್ತದೆ. ಹುಳು ಇಟ್ಟು 4 ಗಂಟೆಯಾಗಿದ್ದರೆ ಹಕ್ಕಿ ಅದನ್ನು ಹುಡುಕಿತು. 124 ಗಂಟೆಯಾಗಿದ್ದರೆ ಅದನ್ನು ಬಿಟ್ಟು ನೆಲಗಡಲೆ ಇಟ್ಟ ಕಡೆಗೆ ಹೋಯಿತು. ಏನು, ಎಲ್ಲಿ, ಯಾವಾಗ, ಮೂರೂ ಅದಕ್ಕೆ ಗೊತ್ತಿತ್ತು. ಆ ಹಕ್ಕಿಯ ಒಳಗಿನ ಅನುಭವ ನಮಗೆ ತಿಳಿಯದ ಕಾರಣ ವಿಜ್ಞಾನಿಗಳು ಇದನ್ನು ಘಟನಾ ಸ್ಮೃತಿಯಂತಹ ನೆನಪು ಎಂದಷ್ಟೇ ಹೇಳುತ್ತಾರೆ. ನಾಯಿಯ ಮನಸ್ಸಿನೊಳಗೆ ಹೊಕ್ಕಂತೆ ಮಾತನಾಡಬೇಡಿ ಎಂದ ಪಾವ್ಲೊವರ ಎಚ್ಚರವೇ ಇದು.

ಇಂತಹ ಪರೀಕ್ಷೆಗಳನ್ನು ಈಗ ಇಲಿಗಳಲ್ಲಿಯೂ ನಡೆಸುತ್ತಾರೆ. ಕಾರಣವೇನೆಂದರೆ, ಆಲ್ಝೈಮರ್ ಕಾಯಿಲೆಯಲ್ಲಿ ಬೇಗನೆ ಹಾನಿಗೊಳ್ಳುವುದು ಹಿಪ್ಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗ. ಸಾಮಾನ್ಯವಾಗಿ ಮೊದಲು ಹೋಗುವುದು ಘಟನಾ ಸ್ಮೃತಿ. ಬರಿಯ ಅಭ್ಯಾಸವನ್ನು ಅಳೆಯುವ ಪರೀಕ್ಷೆಯಿಂದ ಔಷಧದ ಗುಣವನ್ನು ಅಳೆದರೆ, ಕೆಟ್ಟ ಜಾಗವನ್ನು ಬಿಟ್ಟು ಗಟ್ಟಿ ಇರುವ ಜಾಗವನ್ನು ತಟ್ಟಿ ನೋಡಿದಂತಾಗುತ್ತದೆ.

ನಮ್ಮ ಮನೆಗಳಲ್ಲಿ

ಭಾರತದಲ್ಲಿ ಅರುವತ್ತು ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಮರೆವಿನ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಬೆಳಿಗ್ಗೆ ಉಂಡದ್ದನ್ನು ಮರೆತು ಮತ್ತೆ ಊಟ ಕೇಳುವ ಅಜ್ಜಿ, ಕೈಗೆ ಎಲೆ ಅಡಿಕೆ ಕೊಟ್ಟರೆ ಸುಣ್ಣ ಹಚ್ಚಿ ಹದವಾಗಿ ಮಡಚುತ್ತಾರೆ. ಮಗಳ ಹೆಸರು ತಪ್ಪುವ ಅಜ್ಜ, ತಾಳ ಕೇಳಿದರೆ ಯಕ್ಷಗಾನದ ಪದವನ್ನು ಎಡವದೆ ಹೇಳಬಲ್ಲರು. ಇದನ್ನು ಕಂಡು ಮನೆಯವರು, ಬೇಕಾದ್ದು ನೆನಪಿರುತ್ತದೆ, ಬೇಡವಾದ್ದಕ್ಕೆ ಮಾತ್ರ ಮರೆವು ಎಂದು ಸಿಡುಕುವುದುಂಟು. ಅದು ಹಟವಲ್ಲ, ನಟನೆಯಲ್ಲ. ಎರಡು ಬೇರೆ ನೆನಪುಗಳಲ್ಲಿ ಒಂದು ಹೋಗಿ ಇನ್ನೊಂದು ಉಳಿದಿರುವುದು. ಅರಳುಮರಳು ಎಂದು ಕೈಬಿಡುವುದೂ ಸರಿಯಲ್ಲ. ಮರೆವು ತೋರಿದ ಕೂಡಲೇ ವೈದ್ಯರಿಗೆ ತೋರಿಸಬೇಕು.

ಆದರೆ ವೈದ್ಯರು ಯಾವ ಭಾಷೆಯಲ್ಲಿ ಕೇಳುತ್ತಾರೆ? ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳು ಬೀದರ, ಕಲಬುರಗಿ ಜಿಲ್ಲೆಗಳ ಅಂಚಿನ ಊರುಗಳು. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ತೆಲುಗು ಉರ್ದು ಎಂಬ ಕುಟುಂಬಗಳು ಅಲ್ಲಿವೆ. ನಮ್ಮಲ್ಲಿ ಮನೆಗೆ ಕನ್ನಡ ತುಳು, ಕಚೇರಿಗೆ ಮಲಯಾಳ ಇದ್ದಂತೆ. ಕಾಯಿಲೆ ಹೆಚ್ಚಿದಂತೆ ಎಷ್ಟೋ ಹಿರಿಯರು ದೊಡ್ಡವರಾದ ಮೇಲೆ ಕಲಿತ ಭಾಷೆಯನ್ನು ಬಿಟ್ಟು ಎಳವೆಯ ಭಾಷೆಗೆ ಮರಳುತ್ತಾರೆ. ಅಂತಹವರನ್ನು ತೆಲುಗಿನಲ್ಲೋ ಮಲಯಾಳದಲ್ಲೋ ಕೇಳಿ, ಉತ್ತರ ಬರಲಿಲ್ಲವೆಂದು ಅಂಕ ಕಳೆದರೆ, ಅಳೆದದ್ದು ನೆನಪನ್ನೋ ಭಾಷೆಯನ್ನೋ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಸಿದ್ಧವಾದ ಪರೀಕ್ಷೆಗಳು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ ಈ ಐದು ಭಾಷೆಗಳಲ್ಲಿವೆ. ಆದ್ದರಿಂದ ನಮ್ಮ ಹಿರಿಯರನ್ನು ಕನ್ನಡದಲ್ಲೇ ಪರೀಕ್ಷಿಸಿರಿ ಎಂದು ಕೇಳುವುದು ದುರಭಿಮಾನವಲ್ಲ. ಸರಿಯಾದ ಅಳತೆಗೆ ಅದು ಬೇಕು.

ಹಲವು ಭಾಷೆಗಳ ನಡುವೆ ಬದುಕುವುದು ಬರಿಯ ಕಷ್ಟವೂ ಅಲ್ಲ. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಭಾಷೆಯೇ ಕಾರಣವೆಂದು ಇದರಿಂದಲೇ ತೀರ್ಮಾನಿಸಲಾಗದಿದ್ದರೂ, ಮಕ್ಕಳಿಗೆ ಕನ್ನಡವನ್ನು ಬಿಡಿಸದೆ ಮಲಯಾಳವನ್ನೂ ಚೆನ್ನಾಗಿ ಕಲಿಸುವುದರಿಂದ ನಷ್ಟವಂತೂ ಇಲ್ಲ.

ಪಾವ್ಲೊವ್ ಮೂವತ್ತಕ್ಕೂ ಹೆಚ್ಚು ವರ್ಷ ಮಾಡಿದ್ದು, ಹೇಳಲಾರದ ಜೀವಿಯನ್ನು ಅದಕ್ಕೆ ಉತ್ತರಿಸಲು ಸಾಧ್ಯವಾಗುವ ರೀತಿಯಲ್ಲಿ ಕೇಳುವ ಕೆಲಸವನ್ನು. ಮರೆವು ಹಿಡಿದವರನ್ನು ನಿನ್ನೆ ಏನಾಯಿತೆಂದು ಪದೇ ಪದೇ ಪೀಡಿಸುವುದಕ್ಕಿಂತ, ದಿನವೂ ಒಂದೇ ಹೊತ್ತಿಗೆ ಸ್ನಾನ, ಒಂದೇ ಜಾಗದಲ್ಲಿ ಕನ್ನಡಕ, ಕೈಗೆ ಒಗ್ಗಿದ ಕೆಲಸ, ತಿಳಿದ ಭಾಷೆಯಲ್ಲಿ ನಾಲ್ಕು ಮಾತು ಇರುವಂತೆ ನೋಡಿಕೊಳ್ಳಬಹುದು. ನೆರೆಗೆ ಬೆದರಿದ ನಾಯಿಗೆ ಕಲಿತದ್ದು ಮರಳಿ ಬಂದದ್ದು ಪರಿಚಯದವರು ಪಕ್ಕದಲ್ಲಿ ಕುಳಿತಾಗ. ಮನೆಯ ಹಿರಿಯರಿಗೂ ಅಷ್ಟನ್ನು ಮಾಡಲು ಯಾವ ಪ್ರಯೋಗಶಾಲೆಯೂ ಬೇಡ.